ನಾಯಿಮರಿಯ ಶೌಚ ತರಬೇತಿ: ಮರಿಯ ದೇಹ, ಮನೆಯ ಗಡಿಯಾರ, ಸಾಕುವವರ ಹೊಣೆ

ಎಂಟು ವಾರದ ನಾಯಿಮರಿಗೆ ಮನೆ ಎಂದರೇನೆಂದು ತಿಳಿದಿರುವುದಿಲ್ಲ. ಗೋಡೆಯ ಒಳಗಿನದು ಶುಚಿಯಾಗಿರಬೇಕಾದ ಜಾಗ, ಹೊರಗಿನದು ಹಾಗಲ್ಲ ಎಂಬ ಭೇದ ಮನುಷ್ಯರು ಮಾಡಿಕೊಂಡದ್ದು; ಮರಿಯ ಪಾಲಿಗೆ ಇರುವುದು ತಾನು ಮಲಗುವ ಜಾಗ, ತಿನ್ನುವ ಜಾಗ ಮತ್ತು ಉಳಿದ ಪ್ರಪಂಚ. ಹೊಸ ಮರಿಯನ್ನು ತಂದವರು ಮೊದಲ ವಾರದಲ್ಲೇ ಸೋಫಾದ ಹಿಂದೆ, ಮಂಚದ ಕೆಳಗೆ, ಬಾಗಿಲ ಮೂಲೆಯಲ್ಲಿ ಒದ್ದೆ ಕಂಡು ‘ಎಷ್ಟು ಹೇಳಿದರೂ ಕೇಳುವುದಿಲ್ಲವಲ್ಲ’ ಎಂದು ಬೇಸರಪಡುವುದು, ಈ ಭೇದ ಮರಿಗೂ ಗೊತ್ತಿದೆ ಎಂದು ಭಾವಿಸಿಕೊಂಡಿರುವುದರಿಂದ.

ನಾಯಿಯು ಗೊತ್ತುಮಾಡಿದ ಜಾಗದಲ್ಲಿ ಮಾತ್ರ ಮಲಮೂತ್ರ ವಿಸರ್ಜಿಸುವಂತೆ ರೂಢಿಸುವುದನ್ನು ಶೌಚ ತರಬೇತಿ ಎನ್ನಬಹುದು. ಇದರಲ್ಲಿ ಎರಡು ಸಂಗತಿಗಳು ಬೆರೆತಿವೆ. ಮೊದಲನೆಯದು ತಡೆದುಕೊಳ್ಳುವ ಶಕ್ತಿ. ಅದು ವಯಸ್ಸಿನೊಂದಿಗೆ ತಾನಾಗಿ ಬರುತ್ತದೆ, ಕಲಿಸಿ ಬರಿಸಲು ಆಗುವುದಿಲ್ಲ. ಎರಡನೆಯದು ಎಲ್ಲಿ ಎಂಬ ತಿಳಿವಳಿಕೆ. ಅದು ಅಭ್ಯಾಸದಿಂದಲೇ ಬರಬೇಕು, ಎಷ್ಟು ಕಾದರೂ ತಾನಾಗಿ ಬರುವುದಿಲ್ಲ. ಇವೆರಡನ್ನೂ ಒಂದೇ ಎಂದುಕೊಂಡವರು ಇನ್ನೂ ಬೆಳೆಯದ ಸ್ನಾಯುವಿಗೆ ಪಾಠ ಹೇಳುತ್ತಾರೆ, ಹೇಳಬೇಕಾದ ಪಾಠವನ್ನು ಕಾಲಕ್ಕೆ ಬಿಟ್ಟು ಸುಮ್ಮನಿರುತ್ತಾರೆ.

ಗೂಡಿನಲ್ಲೇ ಶುರುವಾಗುವ ಕಲಿಕೆ

ಆಗತಾನೆ ಹುಟ್ಟಿದ ಮರಿಗೆ ಕಣ್ಣು ಕಾಣುವುದಿಲ್ಲ, ಕಿವಿ ಕೇಳುವುದಿಲ್ಲ, ತಾನಾಗಿ ಮೂತ್ರ ಮಾಡುವ ಶಕ್ತಿಯೂ ಇರುವುದಿಲ್ಲ. ತಾಯಿ ಅದರ ಹೊಟ್ಟೆಯ ಕೆಳಭಾಗವನ್ನು ನೆಕ್ಕಿದಾಗ ಮಾತ್ರ ಮಲಮೂತ್ರ ಹೊರಬರುತ್ತದೆ. ಅದನ್ನೂ ತಾಯಿಯೇ ನೆಕ್ಕಿ ಗೂಡನ್ನು ಒಣಗಿರುವಂತೆ ನೋಡಿಕೊಳ್ಳುತ್ತದೆ. ಸುಮಾರು ಎರಡು ವಾರಕ್ಕೆ ಕಣ್ಣು ತೆರೆದು, ಅದರ ಹಿಂದೆಯೇ ಕಿವಿಯೂ ತೆರೆದು, ಮೂರನೆಯ ವಾರದಲ್ಲಿ ಕಾಲೂರಿ ನಡೆಯಲು ಬಂದ ಮೇಲೆ, ಮರಿ ಮಲಗಿದ ಜಾಗದಿಂದ ನಾಲ್ಕು ಹೆಜ್ಜೆ ಆಚೆ ಹೋಗಿ ತನ್ನ ಕೆಲಸ ಮುಗಿಸತೊಡಗುತ್ತದೆ. ಯಾರೂ ಹೇಳಿಕೊಡದೆ ಬಂದ ಈ ಒಲವು, ಅಂದರೆ ಮಲಗುವ ಜಾಗವನ್ನು ಕೊಳೆ ಮಾಡದಿರುವುದು, ಮುಂದಿನ ಎಲ್ಲ ತರಬೇತಿಗೂ ಬುನಾದಿ.

ಈ ಬುನಾದಿ ಕೆಡುವುದೂ ಉಂಟು. ಸರಿಯಲು ಜಾಗವೇ ಇಲ್ಲದ ಇಕ್ಕಟ್ಟಿನ ಪಂಜರದಲ್ಲಿ, ಮಲದ ಪಕ್ಕದಲ್ಲೇ ಮಲಗಿ ತಿಂದು ಬೆಳೆದ ಮರಿಗೆ ಕೊಳೆಯಿಂದ ದೂರ ಹೋಗುವ ರೂಢಿಯೇ ಉಳಿದಿರುವುದಿಲ್ಲ, ಅಂಥ ಮರಿಗೆ ಕಲಿಸಲು ಬಹಳ ಹೆಚ್ಚು ಕಾಲ ಬೇಕಾಗುತ್ತದೆ. ಮರಿಯನ್ನು ಆರಿಸುವಾಗ ಅದರ ಮುದ್ದುಮುಖದ ಜೊತೆಗೆ ಅದು ಬೆಳೆದ ಜಾಗವನ್ನೂ, ಸಾಧ್ಯವಾದರೆ ತಾಯಿಯನ್ನೂ ಕಣ್ಣಾರೆ ನೋಡಬೇಕು ಎಂದು ಪಶುವೈದ್ಯರು ಹೇಳುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು. ಎಂಟು ವಾರ ತುಂಬುವ ಮೊದಲೇ ತಾಯಿಯಿಂದ ಬೇರ್ಪಡಿಸಿದ ಮರಿಯನ್ನು ತರದಿರುವುದು ಒಳ್ಳೆಯದು.

ಎರಡನೆಯ ಬದಲಾವಣೆ ಎಂಟು ಒಂಬತ್ತು ವಾರದ ಹೊತ್ತಿಗೆ ಆಗುತ್ತದೆ. ಆ ವಯಸ್ಸಿನಲ್ಲಿ ಮರಿಗೆ ಅಂಗಾಲಿಗೆ ತಗಲುವ ನೆಲದ ಮೇಲೆ ಒಂದು ಪಕ್ಷಪಾತ ಬೆಳೆಯುತ್ತದೆ: ಹುಲ್ಲಿನ ಮೇಲೆ ರೂಢಿಯಾದದ್ದು ಹುಲ್ಲನ್ನೇ ಹುಡುಕುತ್ತದೆ, ಕಾಗದದ ಮೇಲೆ ರೂಢಿಯಾದದ್ದು ಕಾಗದವನ್ನು, ಸಿಮೆಂಟಿನ ಮೇಲೆ ರೂಢಿಯಾದದ್ದು ಸಿಮೆಂಟನ್ನು. ಮನೆಯಲ್ಲಿ ಬೇರೆಲ್ಲ ಜಾಗ ಬಿಟ್ಟು ಕಾಲೊರಸುವ ಚಾಪೆಯನ್ನೋ ರತ್ನಗಂಬಳಿಯನ್ನೋ ಮರಿ ಆರಿಸಿಕೊಂಡರೆ ಅದರಲ್ಲಿ ಕುಚೇಷ್ಟೆಯೇನೂ ಇಲ್ಲ. ಮೆತ್ತಗಿರುವ, ಒದ್ದೆಯನ್ನು ಹೀರಿಕೊಳ್ಳುವ ನೆಲ ಅದರ ಕಾಲಿಗೆ ಪರಿಚಿತವಾದದ್ದು, ಅಷ್ಟೆ. ಆದ್ದರಿಂದ ಮೊದಲ ಕೆಲವು ವಾರ ಚಾಪೆ ಕಂಬಳಿಗಳನ್ನು ಎತ್ತಿಡುವುದು ಅರ್ಧ ತರಬೇತಿಗೆ ಸಮ. ಮೊದಲು ಕಾಗದ ಹಾಸಿ ಕಲಿಸಿ ಆಮೇಲೆ ಹೊರಗೆ ಕಲಿಸುತ್ತೇವೆ ಎಂದುಕೊಳ್ಳುವವರು ಒಂದು ಮಾತನ್ನು ನೆನಪಿಡಬೇಕು: ಅವರು ಒಂದನ್ನು ಕಲಿಸಿ, ಅದನ್ನು ಮರೆಸಿ, ಇನ್ನೊಂದನ್ನು ಕಲಿಸಬೇಕಾಗುತ್ತದೆ. ಎತ್ತರದ ಕಟ್ಟಡದಲ್ಲಿ ವಾಸಿಸುವವರಿಗೆ ಬೇರೆ ದಾರಿ ಇಲ್ಲದಿರಬಹುದು. ಆಗ ಹುಲ್ಲು ಬೆಳೆದ ತಟ್ಟೆಯನ್ನು ಬಾಲ್ಕನಿಯಲ್ಲಿ ಇಟ್ಟು ಅಲ್ಲಿಂದಲೇ ಆರಂಭಿಸಿದರೆ ಮುಂದೆ ಹೊರಗೆ ಹೋದಾಗ ನೆಲ ಬದಲಾಗುವ ತೊಡಕು ಕಡಿಮೆಯಾಗುತ್ತದೆ.

ಎಷ್ಟು ಹೊತ್ತು ತಡೆದುಕೊಳ್ಳಬಲ್ಲದು?

ಮೂತ್ರಕೋಶದ ಬಾಯನ್ನು ಬಿಗಿಹಿಡಿಯುವ ಸ್ನಾಯು ಮತ್ತು ಅದನ್ನು ನಿಯಂತ್ರಿಸುವ ನರಗಳು ಮರಿಯಲ್ಲಿ ನಿಧಾನವಾಗಿ ಬಲಿಯುತ್ತವೆ. ಎರಡು ತಿಂಗಳ ಮರಿಯನ್ನು ಒದ್ದೆ ಮಾಡಿದ್ದಕ್ಕೆ ಗದರುವುದು ತೊಟ್ಟಿಲ ಕೂಸನ್ನು ಅದೇ ಕಾರಣಕ್ಕೆ ಗದರಿದಂತೆ. ಸ್ಥೂಲವಾದ ಒಂದು ಲೆಕ್ಕ ಬಳಕೆಯಲ್ಲಿದೆ: ಮರಿಯ ವಯಸ್ಸು ಎಷ್ಟು ತಿಂಗಳೋ ಅದಕ್ಕೆ ಒಂದು ಕೂಡಿಸಿದರೆ, ಅದು ಹೆಚ್ಚೆಂದರೆ ಅಷ್ಟು ಗಂಟೆ ತಡೆದುಕೊಳ್ಳಬಲ್ಲದು. ಎರಡು ತಿಂಗಳ ಮರಿಗೆ 3 ಗಂಟೆ, ಮೂರು ತಿಂಗಳಿನದಕ್ಕೆ 4 ಗಂಟೆ. ಇದು ಮೇಲಿನ ಮಿತಿ. ಎಚ್ಚರವಾಗಿ ಓಡಾಡಿಕೊಂಡಿರುವ ಮರಿಗೆ ಗಂಟೆಗೊಮ್ಮೆ, ಕೆಲವೊಮ್ಮೆ ಅದಕ್ಕೂ ಮೊದಲೇ, ಬೇಕಾಗಬಹುದು. ಗಾತ್ರದಲ್ಲಿ ಚಿಕ್ಕದಾದ ತಳಿಗಳ ಮೂತ್ರಕೋಶವೂ ಚಿಕ್ಕದು, ಅವು ಈ ಲೆಕ್ಕಕ್ಕಿಂತ ಹಿಂದೆ ಬೀಳುವುದು ಸಾಮಾನ್ಯ. ಈ ಲೆಕ್ಕ ಎಳೆಯ ವಯಸ್ಸಿಗೆ ಮಾತ್ರ ಹೊಂದುವಂಥದ್ದು. ವಯಸ್ಕ ನಾಯಿಯೂ ಆರೆಂಟು ಗಂಟೆಗಿಂತ ಹೆಚ್ಚು ಕಾಯುವ ಪರಿಸ್ಥಿತಿ ಬರಬಾರದು.

ನಿದ್ರೆಯಲ್ಲಿ ಮಾತ್ರ ಲೆಕ್ಕ ಸ್ವಲ್ಪ ಸಡಿಲ. ಮಲಗಿದಾಗ ದೇಹದ ಚಟುವಟಿಕೆ ತಗ್ಗುವುದರಿಂದ ಮರಿ ಹಗಲಿಗಿಂತ ಹೆಚ್ಚು ಹೊತ್ತು ತಡೆಯುತ್ತದೆ. ಹಾಗಿದ್ದರೂ ಮೊದಲ ಕೆಲವು ವಾರ ರಾತ್ರಿ ಒಮ್ಮೆಯೋ ಎರಡು ಬಾರಿಯೋ ಏಳುವುದು ತಪ್ಪುವುದಿಲ್ಲ, ಇದನ್ನು ಮರಿ ತರುವ ಮೊದಲೇ ಮನೆಯವರು ಒಪ್ಪಿಕೊಂಡಿರಬೇಕು. ರಾತ್ರಿಯ ಹೊರಸಂಚಾರ ನೀರಸವಾಗಿರಲಿ: ದೀಪ ಮಂದ, ಮಾತು ಕಡಿಮೆ, ಆಟ ಇಲ್ಲ. ಇಲ್ಲವಾದರೆ ನಡುರಾತ್ರಿ ಕೂಗಿದರೆ ಆಟ ಸಿಗುತ್ತದೆ ಎಂಬುದನ್ನು ಅದು ಬೇಗ ಕಲಿಯುತ್ತದೆ. ಒದ್ದೆ ತಪ್ಪಿಸಲು ಹಗಲು ನೀರು ಕಡಿಮೆ ಕೊಡುವ ಉಪಾಯ ಹಾನಿಕರ, ಎಳೆಯ ಮರಿಯ ದೇಹದಲ್ಲಿ ನೀರು ಬೇಗ ಬತ್ತುತ್ತದೆ.

ಹೊಟ್ಟೆ ಹೇಳುವ ಸಮಯ

ಮರಿಗೆ ಯಾವಾಗ ಬೇಕಾಗುತ್ತದೆ ಎಂಬುದನ್ನು ಬಹುಮಟ್ಟಿಗೆ ಮೊದಲೇ ಹೇಳಬಹುದು. ಆಹಾರ ಹೊಟ್ಟೆಗೆ ಇಳಿದೊಡನೆ ದೊಡ್ಡ ಕರುಳು ಚಲಿಸತೊಡಗುತ್ತದೆ. ಮನುಷ್ಯರಲ್ಲೂ ಇರುವ ಈ ಪ್ರತಿಕ್ರಿಯೆ ಮರಿಗಳಲ್ಲಿ ಬಲವಾಗಿರುತ್ತದೆ, ಹಾಗಾಗಿ ತಿಂದ 5ರಿಂದ 30 ನಿಮಿಷದೊಳಗೆ ಅವುಗಳಿಗೆ ಮಲವಿಸರ್ಜನೆ ಆಗಬೇಕಾಗುತ್ತದೆ. ನಿದ್ದೆಯಿಂದ ಎದ್ದ ಕೂಡಲೇ, ಜೋರಾಗಿ ಆಡಿದ ಮೇಲೆ ಅಥವಾ ಆಟದ ನಡುವೆಯೇ, ನೀರು ಕುಡಿದ ಸ್ವಲ್ಪ ಹೊತ್ತಿಗೆ ಮೂತ್ರ. ಇಡೀ ದಿನ ತಟ್ಟೆಯಲ್ಲಿ ಆಹಾರ ಇಟ್ಟಿರುವ ಮನೆಗಳಲ್ಲಿ ತರಬೇತಿ ಎಳೆದಾಡುವುದು ಇದೇ ಕಾರಣಕ್ಕೆ. ಒಳಗೆ ಹೋಗುವುದಕ್ಕೆ ಸಮಯ ಇಲ್ಲದಿದ್ದರೆ ಹೊರಗೆ ಬರುವುದಕ್ಕೂ ಇರುವುದಿಲ್ಲ. ದಿನಕ್ಕೆ ಮೂರು ನಾಲ್ಕು ಬಾರಿ ಗೊತ್ತಾದ ವೇಳೆಗೆ ಆಹಾರ ಕೊಟ್ಟು, ಹದಿನೈದು ಇಪ್ಪತ್ತು ನಿಮಿಷದ ಮೇಲೆ ತಟ್ಟೆ ಎತ್ತಿಟ್ಟರೆ, ಒಂದು ವಾರದೊಳಗೆ ಮರಿಯ ಕರುಳಿನ ವೇಳಾಪಟ್ಟಿ ಮನೆಯವರಿಗೆ ಬಾಯಿಪಾಠವಾಗುತ್ತದೆ. ಒಂದು ಹಾಳೆಯಲ್ಲಿ ಯಾವಾಗ ತಿಂದಿತು, ಯಾವಾಗ ಎಲ್ಲಿ ವಿಸರ್ಜಿಸಿತು ಎಂದು ಬರೆದಿಡುವುದು ಅತಿಯೆನಿಸಿದರೂ ನಾಲ್ಕೈದು ಜನರಿರುವ ಮನೆಯಲ್ಲಿ ‘ನೀನು ಕರೆದುಕೊಂಡು ಹೋಗಿದ್ದೆ ಎಂದುಕೊಂಡೆ’ ಎಂಬ ಗೊಂದಲ ಅದರಿಂದ ತಪ್ಪುತ್ತದೆ.

ಗಡಿಯಾರದ ಜೊತೆಗೆ ಕಣ್ಣೂ ಬೇಕು. ಆಡುತ್ತಿದ್ದ ಮರಿ ಇದ್ದಕ್ಕಿದ್ದಂತೆ ಆಟ ಬಿಟ್ಟು ನೆಲ ಮೂಸತೊಡಗುವುದು, ಸುತ್ತು ಹಾಕುವುದು, ಹಿಂದೆ ಒಮ್ಮೆ ಒದ್ದೆ ಮಾಡಿದ್ದ ಮೂಲೆಯ ಕಡೆಗೆ ನಡೆಯುವುದು, ಜನರಿಲ್ಲದ ಕೋಣೆಗೆ ಸರಿಯುವುದು: ಇವೆಲ್ಲ ಅರ್ಧ ನಿಮಿಷದ ಮುನ್ಸೂಚನೆಗಳು. ಅರ್ಧ ನಿಮಿಷ ಎಂದರೆ ಎತ್ತಿಕೊಂಡು ಬಾಗಿಲು ದಾಟಲು ಸಾಕು, ಚಪ್ಪಲಿ ಹುಡುಕಲು ಸಾಲದು.

ಹೊರಗೆ ಒಂದು ಜಾಗ, ಅಲ್ಲೇ ಬಹುಮಾನ

ಪ್ರತಿ ಬಾರಿಯೂ ಅದೇ ಬಾಗಿಲಿನಿಂದ ಅದೇ ಜಾಗಕ್ಕೆ ಕರೆದೊಯ್ಯಬೇಕು. ಹಿಂದಿನ ದಿನದ ವಾಸನೆ ಅಲ್ಲಿ ಉಳಿದಿರುವುದರಿಂದ ಮರಿಗೆ ಆ ಜಾಗದ ಉದ್ದೇಶ ಬೇಗ ಹೊಳೆಯುತ್ತದೆ. ಸ್ವಂತ ಅಂಗಳವಿದ್ದರೂ ಕೊರಳಪಟ್ಟಿಗೆ ಹಗ್ಗ ಕಟ್ಟಿ ಕರೆದೊಯ್ಯುವುದು ಮೇಲು. ಬಾಗಿಲು ತೆರೆದು ಮರಿಯನ್ನಷ್ಟೇ ಹೊರಗೆ ಬಿಟ್ಟರೆ ಅದು ಚಿಟ್ಟೆ ಅಟ್ಟಿಸಿಕೊಂಡು ಹೋಗಿ, ಬಂದ ಕೆಲಸ ಮರೆತು, ಒಳಗೆ ಬಂದ ಎರಡು ನಿಮಿಷಕ್ಕೆ ನಡುಮನೆಯಲ್ಲಿ ನೆನಪಿಸಿಕೊಳ್ಳುತ್ತದೆ. ಅದು ಹೊರಗೆ ಏನು ಮಾಡಿತು, ಏನು ಮಾಡಲಿಲ್ಲ ಎಂಬುದೂ ಜೊತೆಗೆ ಹೋದವರಿಗೆ ಮಾತ್ರ ಗೊತ್ತಾಗುತ್ತದೆ.

1898ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ ಪೆಟ್ಟಿಗೆಗಳಲ್ಲಿ ಬೆಕ್ಕುಗಳನ್ನು ಇಟ್ಟು ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಅಗುಳಿ ಸರಿಸಿ ಹೊರಬಂದ ಬೆಕ್ಕಿಗೆ ಆಹಾರ ಸಿಗುತ್ತಿತ್ತು. ಮುಂದಿನ ಸುತ್ತುಗಳಲ್ಲಿ ಅದು ಅಗುಳಿಯನ್ನು ಇನ್ನಷ್ಟು ಬೇಗ ಸರಿಸುತ್ತಿತ್ತು. ಹಿತವಾದ ಫಲ ಕೊಟ್ಟ ನಡೆಯನ್ನು ಪ್ರಾಣಿ ಮತ್ತೆ ಮಾಡುತ್ತದೆ ಎಂಬ ಈ ತತ್ವವೇ ಇಂದಿನ ನಾಯಿ ತರಬೇತಿಯ ಮೂಲದಲ್ಲಿದೆ. ಆದರೆ ಇದರೊಳಗೆ ಅಡಗಿರುವ ಒಂದು ಷರತ್ತನ್ನು ಹಲವರು ಗಮನಿಸುವುದಿಲ್ಲ. ಫಲವು ನಡೆಯ ಬೆನ್ನಿಗೇ, ಒಂದೆರಡು ಕ್ಷಣದೊಳಗೆ ಬರಬೇಕು. ಮರಿ ಹೊರಗೆ ಮೂತ್ರ ಮಾಡಿ, ಒಳಗೆ ಓಡಿಬಂದು, ಅಡುಗೆಮನೆಯ ಡಬ್ಬಿಯಿಂದ ತಿನಿಸು ಪಡೆದರೆ, ಅದು ಕಲಿತದ್ದು ಒಳಗೆ ಓಡಿಬರುವುದನ್ನು. ತಿನಿಸು ಜೇಬಿನಲ್ಲಿದ್ದು, ಮರಿ ಮುಗಿಸಿ ಎದ್ದ ಆ ಗಳಿಗೆಯಲ್ಲೇ, ಅದೇ ಜಾಗದಲ್ಲಿ, ಒಂದು ಮೆಚ್ಚುಗೆಯ ಮಾತಿನೊಂದಿಗೆ ಬಾಯಿಗೆ ಬೀಳಬೇಕು. ಮುಗಿಯುವ ಮೊದಲೇ ಉತ್ಸಾಹದಿಂದ ಹೊಗಳಿದರೆ ಮರಿ ಅರ್ಧಕ್ಕೆ ನಿಲ್ಲಿಸಿ ಹತ್ತಿರ ಬರುತ್ತದೆ, ಉಳಿದರ್ಧ ಮನೆಯೊಳಗೆ ಆಗುತ್ತದೆ.

ಮುಗಿದೊಡನೆ ಒಳಗೆ ಕರೆತರುವುದು ಇನ್ನೊಂದು ಸಾಮಾನ್ಯ ತಪ್ಪು. ಹೊರಗಿನ ಸಂತೋಷ ಮೂತ್ರ ಮಾಡಿದೊಡನೆ ಮುಗಿಯುತ್ತದೆ ಎಂದು ಅರಿತ ಮರಿ, ಸಂತೋಷವನ್ನು ಲಂಬಿಸಲು ಮೂತ್ರವನ್ನು ಮುಂದೂಡುತ್ತದೆ. ಮೊದಲು ಕೆಲಸ, ಆಮೇಲೆ ಐದು ನಿಮಿಷ ಸುತ್ತಾಟ ಎಂಬ ಕ್ರಮ ಇಟ್ಟುಕೊಂಡರೆ ಇದು ತಿರುಗುಮುರುಗಾಗುತ್ತದೆ. ಮರಿ ಕುಳಿತುಕೊಳ್ಳುವ ಕ್ಷಣದಲ್ಲಿ ಪ್ರತಿ ಸಲವೂ ಒಂದೇ ಚಿಕ್ಕ ಪದವನ್ನು ಮೆಲ್ಲಗೆ ಹೇಳುತ್ತ ಬಂದರೆ ಕೆಲವು ವಾರಗಳಲ್ಲಿ ಆ ಪದವೇ ಸೂಚನೆಯಾಗುತ್ತದೆ. ಮಳೆ ಬರುವಾಗ, ಪ್ರಯಾಣದ ನಡುವೆ ಇದರ ಬೆಲೆ ತಿಳಿಯುತ್ತದೆ.

ಕಣ್ಣಿಡಲು ಆಗದ ಹೊತ್ತು

ಪೂರ್ತಿ ಕಲಿಯುವವರೆಗೆ ಮರಿ ಒಂದೋ ಹೊರಗಿರಬೇಕು, ಇಲ್ಲವೇ ಯಾರದಾದರೂ ಕಣ್ಣೆದುರು ಇರಬೇಕು, ಅದೂ ಇಲ್ಲವೆಂದರೆ ಚಿಕ್ಕದೊಂದು ಜಾಗದಲ್ಲಿ ಇರಬೇಕು. ಈ ಚಿಕ್ಕ ಜಾಗಕ್ಕೆ ಕ್ರೇಟ್ ಎಂಬ ಪೆಟ್ಟಿಗೆಯನ್ನು ಬಳಸುವುದುಂಟು. ಮಲಗುವ ಜಾಗವನ್ನು ಕೊಳೆ ಮಾಡದಿರುವ ಒಲವನ್ನೇ ಇದು ಆಧರಿಸಿದೆ, ಆದ್ದರಿಂದ ಅಳತೆ ಮುಖ್ಯ: ಮರಿ ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಸಾಕಾಗುವಷ್ಟು. ಅದಕ್ಕಿಂತ ಬಹಳ ದೊಡ್ಡದಾದರೆ ಒಂದು ಮೂಲೆ ಹಾಸಿಗೆ, ಇನ್ನೊಂದು ಮೂಲೆ ಶೌಚಾಲಯ ಆಗುತ್ತದೆ. ಮೊದಲು ಬಾಗಿಲು ತೆರೆದಿಟ್ಟು, ಒಳಗೆ ತಿನಿಸು ಹಾಕಿ, ಊಟ ಅಲ್ಲೇ ಕೊಟ್ಟು, ಮರಿ ತಾನಾಗಿ ಹೋಗಿ ಮಲಗುವಂತೆ ಮಾಡಿದ ಮೇಲೆಯೇ ಬಾಗಿಲು ಮುಚ್ಚಬೇಕು. ತಡೆದುಕೊಳ್ಳುವ ಅವಧಿಗಿಂತ ಹೆಚ್ಚು ಹೊತ್ತು ಕೂಡಿಹಾಕಿದರೆ, ಕಾಪಾಡಬೇಕಿದ್ದ ಆ ಒಲವನ್ನು ನಾವೇ ಮುರಿದಂತಾಗುತ್ತದೆ. ಶಿಕ್ಷೆಯಾಗಿ ಕ್ರೇಟಿಗೆ ತಳ್ಳುವುದಂತೂ ಅದನ್ನು ಶಾಶ್ವತವಾಗಿ ಕೆಡಿಸುತ್ತದೆ. ಕ್ರೇಟ್ ಇಲ್ಲದವರು ಕೋಣೆಯ ಒಂದು ಭಾಗಕ್ಕೆ ತಡೆಗೇಟು ಹಾಕಿಯೂ ನಡೆಸಬಹುದು. ದಿನಕ್ಕೆ 18 ಗಂಟೆಯವರೆಗೂ ನಿದ್ರಿಸುವ ಮರಿಗೆ ಗದ್ದಲವಿಲ್ಲದ ಒಂದು ಮೂಲೆ ಹೇಗೂ ಬೇಕು.

ಮನೆಯೊಳಗೆ ಆಗಿಹೋದಾಗ

ಕಣ್ಣೆದುರೇ ನಡೆಯುತ್ತಿದ್ದರೆ ಚಪ್ಪಾಳೆಯಷ್ಟು ಸದ್ದು ಮಾಡಿ ತಡೆದು, ಎತ್ತಿಕೊಂಡು ಹೊರಗೆ ಹೋಗಬೇಕು. ಅಲ್ಲಿ ಮುಂದುವರಿಸಿದರೆ ಬಹುಮಾನ ಕೊಡಬೇಕು. ಆಗಿ ಸ್ವಲ್ಪ ಹೊತ್ತಾಗಿದ್ದರೆ ಮಾಡಬೇಕಾದದ್ದು ಒರಸುವುದೊಂದೇ. ಒದ್ದೆಗೆ ಮೂಗು ತಿಕ್ಕುವುದು, ಕಾಗದ ಸುತ್ತಿ ಹೊಡೆಯುವುದು ತಲೆಮಾರುಗಳಿಂದ ನಡೆದುಬಂದ ವಿಧಾನಗಳು. ಅವು ಕಲಿಸುವುದು ಏನನ್ನು ಎಂದು ಮರಿಯ ಕಡೆಯಿಂದ ನೋಡಿದರೆ ತಿಳಿಯುತ್ತದೆ. ಹತ್ತು ನಿಮಿಷದ ಹಿಂದಿನ ಮೂತ್ರಕ್ಕೂ ಈಗಿನ ಏಟಿಗೂ ನಂಟು ಕಟ್ಟಲು ಅದಕ್ಕೆ ಆಗುವುದಿಲ್ಲ. ಅದು ಕಟ್ಟುವ ನಂಟು, ಈ ಮನುಷ್ಯ ಹತ್ತಿರ ಬಂದಾಗ ನೋವಾಗುತ್ತದೆ ಎಂಬುದು. ಆ ಕ್ಷಣದಲ್ಲೇ ಹೊಡೆದರೂ ಅದು ತಿಳಿದುಕೊಳ್ಳುವುದು ಜನರ ಎದುರು ಮೂತ್ರ ಮಾಡುವುದು ಅಪಾಯ ಎಂದು. ಆಮೇಲೆ ಮರಿ ಮಂಚದಡಿ ಅಡಗಿ ಮಾಡತೊಡಗುತ್ತದೆ. ಹೊರಗೆ ಹಗ್ಗ ಹಿಡಿದವರ ಮುಂದೆ ಎಷ್ಟು ಹೊತ್ತಾದರೂ ಮಾಡುವುದಿಲ್ಲ.

‘ತಪ್ಪು ಮಾಡಿದ್ದು ಅದಕ್ಕೆ ಗೊತ್ತು, ಮುಖ ನೋಡಿದರೆ ತಿಳಿಯುತ್ತದೆ’ ಎಂಬ ವಾದವನ್ನು ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಸಂಶೋಧಕಿ ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೇಡವೆಂದ ತಿನಿಸನ್ನು ತಿಂದ ನಾಯಿಗಳೂ ತಿನ್ನದ ನಾಯಿಗಳೂ ಒಡೆಯರು ಗದರಿದಾಗ ತಲೆ ತಗ್ಗಿಸಿ, ಕಣ್ಣು ತಪ್ಪಿಸಿ, ಬಾಲ ಮುದುರಿದವು. ಆ ಮುಖಭಾವ ಗದರಿಕೆಗೆ ಕೊಟ್ಟ ಉತ್ತರವಾಗಿತ್ತು. ತಪ್ಪು ಮಾಡಿದ್ದಕ್ಕೂ ಅದಕ್ಕೂ ಸಂಬಂಧ ಕಾಣಲಿಲ್ಲ.

ಒರಸುವ ಬಗೆಯೂ ತರಬೇತಿಯ ಭಾಗ. ಮನುಷ್ಯರ ಮೂಗಿನಲ್ಲಿ ವಾಸನೆ ಗ್ರಹಿಸುವ ಕೋಶಗಳು ಸುಮಾರು 50–60 ಲಕ್ಷವಿದ್ದರೆ, ನಾಯಿಯಲ್ಲಿ ಅವು ತಳಿಯನ್ನು ಅವಲಂಬಿಸಿ 20 ಕೋಟಿಯನ್ನೂ ಮೀರಬಹುದು. ನಮಗೆ ಶುಚಿಯಾಗಿ ಕಾಣುವ ನೆಲ ಮರಿಗೆ ‘ಇಲ್ಲೇ’ ಎಂದು ಹೇಳುತ್ತಲೇ ಇರುತ್ತದೆ. ಮೂತ್ರದಲ್ಲಿನ ಕೆಲವು ಪದಾರ್ಥಗಳು ಬರಿಯ ನೀರಿಗೆ ಹೋಗುವುದಿಲ್ಲ; ಅವನ್ನು ಒಡೆಯುವ ಕಿಣ್ವಗಳಿರುವ ಮಾರ್ಜಕಗಳು ಸಾಕುಪ್ರಾಣಿಗಳಿಗೆಂದೇ ಸಿಗುತ್ತವೆ. ಅಮೋನಿಯಾ ಇರುವ ಮಾರ್ಜಕ ಇಲ್ಲಿ ತಿರುಗುಬಾಣ, ಏಕೆಂದರೆ ಹಳೆಯ ಮೂತ್ರದ ವಾಸನೆಯಲ್ಲಿಯೂ ಅಮೋನಿಯಾವೇ ಇರುತ್ತದೆ.

ಕಲಿತ ಮೇಲೆ ಮತ್ತೆ ಕೆಟ್ಟರೆ

ಹೆಚ್ಚಿನ ಮರಿಗಳು ನಾಲ್ಕರಿಂದ ಆರು ತಿಂಗಳ ಹೊತ್ತಿಗೆ ನಂಬಬಹುದಾದ ಮಟ್ಟಕ್ಕೆ ಬರುತ್ತವೆ, ಕೆಲವಕ್ಕೆ ವರ್ಷವೂ ಹಿಡಿಯುತ್ತದೆ. ನಡುವೆ ಹಿಂದೆ ಸರಿಯುವುದು ಸಾಮಾನ್ಯ. ಆದರೆ ಕಲಿತಿದ್ದ ಮರಿ ಇದ್ದಕ್ಕಿದ್ದಂತೆ ಪದೇ ಪದೇ ಸ್ವಲ್ಪಸ್ವಲ್ಪ ಮೂತ್ರ ಮಾಡುವುದು, ಮಾಡುವಾಗ ನರಳುವುದು, ಮೂತ್ರ ಕೆಂಪಾಗಿರುವುದು ಮೂತ್ರನಾಳದ ಸೋಂಕಿನ ಲಕ್ಷಣಗಳಾಗಿರಬಹುದು. ಹೆಣ್ಣುಮರಿಗಳಲ್ಲಿ ಇದು ಹೆಚ್ಚು. ವಿಪರೀತ ನೀರು ಕುಡಿಯುವುದು, ಭೇದಿ ಇವೂ ಪಶುವೈದ್ಯರ ಬಳಿಗೆ ಹೋಗಬೇಕಾದ ವಿಷಯಗಳು.

ಮನೆಗೆ ಬಂದವರನ್ನು ಕಂಡು ಬಾಲ ಆಡಿಸುತ್ತ, ಮೈ ತಗ್ಗಿಸುತ್ತ ಕೆಲವು ಹನಿ ಮೂತ್ರ ಬಿಡುವುದು ಬೇರೆಯೇ ಸಂಗತಿ. ಅದು ಹಿಗ್ಗಿನಿಂದಲೋ ಅಂಜಿಕೆಯಿಂದಲೋ ಮರಿಗೇ ತಿಳಿಯದಂತೆ ಆಗುವಂಥದ್ದು. ಬಾಗಿ ಮೇಲೆ ಬೀಳದೆ, ಕುಳಿತು, ಮೆಲುದನಿಯಲ್ಲಿ ಮಾತಾಡಿಸಿದರೆ ಕಡಿಮೆಯಾಗುತ್ತದೆ, ಬೆಳೆದಂತೆ ತಾನೇ ನಿಲ್ಲುತ್ತದೆ. ಗದರಿದರೆ ಹೆಚ್ಚುತ್ತದೆ. ಆರು ತಿಂಗಳ ಮೇಲೆ ಗಂಡುಮರಿ ಕಾಲೆತ್ತಿ ಕುರ್ಚಿಯ ಕಾಲಿಗೆ ಚಿಮುಕಿಸುವುದು ಗುರುತು ಹಾಕುವ ನಡವಳಿಕೆ. ಅಲ್ಲಿ ಮೂತ್ರಕೋಶ ತುಂಬಿದ ಒತ್ತಡವಿಲ್ಲ, ವಾಸನೆಯ ಮೂಲಕ ಹೇಳುವ ಸಂದೇಶವಿದೆ.

ಲಸಿಕೆ ಮುಗಿಯದೆ ಹೊರಗೆ ಹೋಗಬಹುದೇ?

ಹೊಸಬರನ್ನು ಹೆಚ್ಚು ಕಾಡುವ ಪ್ರಶ್ನೆ ಇದು, ಏಕೆಂದರೆ ಎರಡು ಒಳ್ಳೆಯ ಸಲಹೆಗಳು ಇಲ್ಲಿ ಒಂದಕ್ಕೊಂದು ಎದುರಾಗುತ್ತವೆ. ತಾಯಿಯ ಮೊದಲ ಹಾಲಿನಿಂದ ಮರಿಗೆ ರೋಗ ತಡೆಯುವ ಪ್ರತಿಕಾಯಗಳು ಬರುತ್ತವೆ. ಅವು ಇರುವಷ್ಟು ಕಾಲ ಮರಿಯನ್ನು ಕಾಯುತ್ತವೆ, ಅದೇ ಹೊತ್ತಿಗೆ ಲಸಿಕೆಯನ್ನೂ ನಿಷ್ಫಲಗೊಳಿಸುತ್ತವೆ. ಅವು ಯಾವ ದಿನ ಕರಗುತ್ತವೆ ಎಂಬುದು ಮರಿಯಿಂದ ಮರಿಗೆ ಬೇರೆ. ಆದ್ದರಿಂದಲೇ 6–8 ವಾರಕ್ಕೆ ಆರಂಭಿಸಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ ಲಸಿಕೆಯನ್ನು ಮರಳಿ ಮರಳಿ ಕೊಡುವುದು. ಒಂದು ಹೆಚ್ಚುವರಿ ಸೂಜಿ ಎಂದು ನಡುವೆ ಬಿಡುವಂತಿಲ್ಲ. ಈ ಲಸಿಕೆಗಳು ಮುಖ್ಯವಾಗಿ ಡಿಸ್ಟೆಂಪರ್, ಯಕೃತ್ತಿನ ಉರಿಯೂತ ತರುವ ಅಡಿನೊವೈರಸ್ ಮತ್ತು ಪಾರ್ವೊವೈರಸ್‌ಗಳ ವಿರುದ್ಧ. 1970ರ ದಶಕದ ಕೊನೆಯಲ್ಲಿ ಕಾಣಿಸಿಕೊಂಡು ಜಗತ್ತೆಲ್ಲ ಹರಡಿದ ಪಾರ್ವೊ ರಕ್ತಭೇದಿ ತಂದು ಮರಿಗಳನ್ನು ಕೆಲವೇ ದಿನಗಳಲ್ಲಿ ಕೊಲ್ಲಬಲ್ಲದು. ಸೋಂಕಿದ ನಾಯಿಯ ಮಲ ಬಿದ್ದ ಮಣ್ಣಿನಲ್ಲಿ ಅದು ಹಲವು ತಿಂಗಳು ಬದುಕಿರುತ್ತದೆ.

ಇನ್ನೊಂದು ಕಡೆ, ಮರಿ ಜಗತ್ತಿಗೆ ಹೊಂದಿಕೊಳ್ಳುವ ಕಾಲವೂ ಇದೇ. ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ನಾಯಿಮರಿಗಳ ಮೇಲೆ ವರ್ಷಗಟ್ಟಲೆ ನಡೆಸಿ 1965ರಲ್ಲಿ ಪ್ರಕಟಿಸಿದ ಅಧ್ಯಯನ, ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗಿನ ಅವಧಿಯಲ್ಲಿ ಮರಿ ಕಂಡುಕೇಳಿದ್ದು ಅದರ ಮುಂದಿನ ಸ್ವಭಾವವನ್ನು ರೂಪಿಸುತ್ತದೆ ಎಂದು ತೋರಿಸಿತು. ಈ ಕಾಲದಲ್ಲಿ ಮಕ್ಕಳು, ಮುದುಕರು, ಛತ್ರಿ, ವಾಹನದ ಸದ್ದು ಏನನ್ನೂ ಕಾಣದೆ ಬೆಳೆದ ನಾಯಿ ಮುಂದೆ ಅವನ್ನು ಕಂಡು ಬೆದರುತ್ತದೆ, ಬೆದರಿದ ನಾಯಿಯೇ ಹೆಚ್ಚಾಗಿ ಕಚ್ಚುವುದು. ಲಸಿಕೆ ಮುಗಿಯಲಿ ಎಂದು ನಾಲ್ಕು ತಿಂಗಳು ಒಳಗೇ ಇಟ್ಟರೆ ಈ ಕಿಟಕಿ ಮುಚ್ಚಿಹೋಗಿರುತ್ತದೆ.

ನಡುದಾರಿ ಹೀಗಿದೆ. ಬೇರೆ ನಾಯಿಗಳು ಓಡಾಡದ ಸ್ವಂತ ಅಂಗಳವನ್ನೋ ತಾರಸಿಯನ್ನೋ ಶೌಚಕ್ಕೆ ಬಳಸುವುದು. ಹೊರಲೋಕವನ್ನು ಕೈಯಲ್ಲಿ ಎತ್ತಿಕೊಂಡು ತೋರಿಸುವುದು. ಲಸಿಕೆ ಪೂರ್ತಿಯಾದ, ಆರೋಗ್ಯವಾಗಿರುವ ನಾಯಿಗಳೊಂದಿಗೆ ಮಾತ್ರ ಆಡಲು ಬಿಡುವುದು. ಗುರುತಿಲ್ಲದ ನಾಯಿಗಳು ಸೇರುವ ಮೈದಾನ, ರಸ್ತೆಬದಿಗಳಲ್ಲಿ ನೆಲಕ್ಕೆ ಬಿಡದಿರುವುದು. ಊರಿನಲ್ಲಿ ಪಾರ್ವೊ ಎಷ್ಟಿದೆ ಎಂಬುದು ಅಲ್ಲಿನ ಪಶುವೈದ್ಯರಿಗೆ ತಿಳಿದಿರುತ್ತದೆ, ಎಷ್ಟು ಸಡಿಲ ಬಿಡಬಹುದು ಎಂಬುದನ್ನು ಅವರನ್ನು ಕೇಳಿಯೇ ನಿರ್ಧರಿಸಬೇಕು.

ಹೊರಗೆ ಬಿದ್ದದ್ದೂ ಒಡೆಯರದೇ

ಮರಿ ಹೊರಗೆ ಕಲಿತ ಮೇಲೆ ಕೊಳೆ ಮನೆಯಿಂದ ರಸ್ತೆಗೆ ಸ್ಥಳಾಂತರವಾಯಿತು ಅಷ್ಟೆ, ಇಲ್ಲವಾಗಲಿಲ್ಲ. ನಾಯಿಯ ಮಲ ಗೊಬ್ಬರವಾಗುತ್ತದೆ, ಬಿಟ್ಟರೇನಂತೆ ಎಂಬ ಮಾತು ಕೇಳಿಬರುವುದರಿಂದ ಟಾಕ್ಸೊಕಾರ ಎಂಬ ಜಂತುಹುಳುವಿನ ಜೀವನಚಕ್ರವನ್ನು ತಿಳಿಯುವುದು ಒಳ್ಳೆಯದು. ಈ ದುಂಡುಹುಳು ತಾಯಿಯ ಗರ್ಭದಲ್ಲೇ ಮರಿಗೆ ಅಂಟುತ್ತದೆ, ಹಾಲಿನ ಮೂಲಕವೂ ಬರುತ್ತದೆ. ಎರಡು ವಾರದ ವಯಸ್ಸಿನಿಂದಲೇ ಹುಳುವಿನ ಔಷಧ ಆರಂಭಿಸುವುದು ಇದಕ್ಕಾಗಿ. ಮಲದಲ್ಲಿ ಹೊರಬಿದ್ದ ಮೊಟ್ಟೆಗಳು ಕೂಡಲೇ ಸೋಂಕು ತರುವುದಿಲ್ಲ, ಮಣ್ಣಿನಲ್ಲಿ ಬಲಿಯಲು ಅವಕ್ಕೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಬಲಿತ ಮೇಲೆ ವರ್ಷಗಟ್ಟಲೆ ಉಳಿಯುತ್ತವೆ. ಮಲ ಕರಗಿ ಕಣ್ಣಿಗೆ ಕಾಣದಂತಾದ ಮೇಲೆಯೇ ಆ ಜಾಗ ಅಪಾಯಕಾರಿ ಆಗುತ್ತದೆ. ಅಲ್ಲಿ ಆಡಿದ ಮಗು ಕೈ ಬಾಯಿಗಿಟ್ಟರೆ ಮರಿಹುಳುಗಳು ಯಕೃತ್ತು, ಶ್ವಾಸಕೋಶ, ಕೆಲವೊಮ್ಮೆ ಕಣ್ಣನ್ನೂ ಸೇರುತ್ತವೆ. ಬಿದ್ದ ದಿನವೇ ಚೀಲದಲ್ಲಿ ಎತ್ತಿ ಕಸಕ್ಕೆ ಹಾಕಿದರೆ ಈ ಸರಪಳಿ ಅಲ್ಲೇ ಕಡಿಯುತ್ತದೆ. ತರಕಾರಿ ತೋಟಕ್ಕೆ ಇದನ್ನು ಗೊಬ್ಬರವಾಗಿ ಹಾಕಬಾರದು.

ರೇಬೀಸ್, ಗುರುತು, ಸಂತಾನ

ರೇಬೀಸ್ ಅಥವಾ ಹುಚ್ಚುನಾಯಿ ರೋಗಕ್ಕೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಬಲಿಯಾಗುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಬಳಸುವ ಅಂದಾಜು. ಮನುಷ್ಯರಿಗೆ ತಗಲುವ ಪ್ರಕರಣಗಳಲ್ಲಿ ಶೇ. 99ರಷ್ಟು ನಾಯಿಗಳಿಂದ. ಲಕ್ಷಣ ಕಾಣಿಸಿಕೊಂಡ ಮೇಲೆ ಸಾವು ಬಹುತೇಕ ಖಚಿತ, ಅದಕ್ಕೆ ಮೊದಲು ಲಸಿಕೆ ಸಿಕ್ಕರೆ ತಡೆ ಬಹುತೇಕ ಖಚಿತ. ಮರಿಗೆ ಸಾಮಾನ್ಯವಾಗಿ ಮೂರು ತಿಂಗಳ ಹೊತ್ತಿಗೆ ಮೊದಲ ರೇಬೀಸ್ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದ ಅವಧಿಗೆ ಮರುಲಸಿಕೆ. ಹಾಲುಹಲ್ಲಿನ ಚಿಕ್ಕ ಮರಿ ಕಚ್ಚಿದರೆ ಏನೂ ಆಗುವುದಿಲ್ಲ ಎಂಬುದು ತಪ್ಪು ನಂಬಿಕೆ. ಯಾವ ನಾಯಿ ಕಚ್ಚಿದರೂ ಪರಚಿದರೂ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ವೈದ್ಯರನ್ನು ಕಾಣಬೇಕು.

ತಪ್ಪಿಸಿಕೊಂಡ ನಾಯಿ ಮನೆಗೆ ಮರಳಲು ಕೊರಳಪಟ್ಟಿಯ ಮೇಲಿನ ಫೋನ್ ಸಂಖ್ಯೆ ಮೊದಲ ಸಹಾಯ. ಚರ್ಮದಡಿ ಕೂರಿಸುವ ಮೈಕ್ರೊಚಿಪ್ ಎರಡನೆಯದು. ಅದರಲ್ಲಿ ಬ್ಯಾಟರಿ ಇಲ್ಲ, ನಾಯಿ ಎಲ್ಲಿದೆ ಎಂದು ಅದು ತೋರಿಸುವುದಿಲ್ಲ. ಓದುಯಂತ್ರ ಹತ್ತಿರ ಹಿಡಿದಾಗ 15 ಅಂಕಿಗಳ ಸಂಖ್ಯೆಯನ್ನು ಮಾತ್ರ ಕೊಡುತ್ತದೆ. ಆ ಸಂಖ್ಯೆಯ ಮುಂದೆ ನೋಂದಣಿಯಲ್ಲಿರುವ ವಿಳಾಸ ಹಳೆಯದಾಗಿದ್ದರೆ ಚಿಪ್ ಇದ್ದೂ ಇಲ್ಲದಂತೆ.

ಹೆಣ್ಣುನಾಯಿ ಆರು ತಿಂಗಳಿಗೇ ಬೆದೆಗೆ ಬರಬಹುದು, ದೊಡ್ಡ ತಳಿಗಳಲ್ಲಿ ವರ್ಷ ದಾಟಬಹುದು. ಗರ್ಭಧಾರಣೆಯ ಅವಧಿ ಸುಮಾರು 63 ದಿನ. ಮರಿಗಳಿಗೆಲ್ಲ ಮನೆ ಹುಡುಕುವ ಶಕ್ತಿ ಇಲ್ಲದವರು ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆ ಮೊದಲೇ ಕೇಳಿಕೊಳ್ಳಬೇಕು; ಸೂಕ್ತ ವಯಸ್ಸು ತಳಿ ಮತ್ತು ಗಾತ್ರವನ್ನು ಅವಲಂಬಿಸುತ್ತದೆ. ಹೆಣ್ಣುನಾಯಿಗಳಲ್ಲಿ ಗರ್ಭಕೋಶ ಕೀವುಗಟ್ಟುವ ಮಾರಕ ಕಾಯಿಲೆಯನ್ನೂ ಇದು ತಪ್ಪಿಸುತ್ತದೆ. ಆಹಾರದ ವಿಷಯದಲ್ಲಿ ಒಂದು ಪಟ್ಟಿ ಅಡುಗೆಮನೆಯಲ್ಲಿ ಅಂಟಿಸಿಡುವಂಥದ್ದು: ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಮತ್ತು ಸಕ್ಕರೆಯಿಲ್ಲದ ಚೂಯಿಂಗ್ ಗಮ್‌ಗಳಲ್ಲಿ ಬಳಸುವ ಕ್ಸೈಲಿಟಾಲ್. ಇವೆಲ್ಲ ನಾಯಿಗೆ ವಿಷ.

ಒಂಟಿಯಾಗಿರಲು ಕಲಿಸುವುದು

ಮನೆಯವರು ಇರುವಾಗ ಪೂರ್ತಿ ಶುಚಿಯಾಗಿರುವ ನಾಯಿ, ಎಲ್ಲರೂ ಹೊರಟ ಮೇಲೆ ಮಾತ್ರ ಒಳಗೆ ಮಲಮೂತ್ರ ಮಾಡುವುದುಂಟು. ಬಿಟ್ಟುಹೋದ ಸೇಡಿಗೆ ಹೀಗೆ ಮಾಡುತ್ತದೆ ಎಂದು ಹಲವರು ನಂಬಿದ್ದಾರೆ. ಜೊತೆಗೆ ಎಡೆಬಿಡದ ಊಳು, ಬಾಗಿಲು ಕೆರೆದ ಗುರುತು, ಸುರಿದ ಜೊಲ್ಲು ಕಂಡರೆ ಅದು ಬಹುಶಃ ಅಗಲಿಕೆಯ ಆತಂಕ; ಭಯದಲ್ಲಿರುವ ಪ್ರಾಣಿಯ ಮೂತ್ರಕೋಶ ಹಿಡಿತ ತಪ್ಪುತ್ತದೆ. ಇದಕ್ಕೆ ಶೌಚ ತರಬೇತಿಯನ್ನು ಮತ್ತೆ ಮೊದಲಿನಿಂದ ಮಾಡಿದರೆ ಪ್ರಯೋಜನವಿಲ್ಲ, ಆತಂಕಕ್ಕೇ ಪರಿಹಾರ ಬೇಕು. ಮರಿ ಬಂದ ಮೊದಲ ವಾರಗಳಲ್ಲಿ ಎಲ್ಲರೂ ರಜೆ ಹಾಕಿ ಸದಾ ಮುದ್ದಿಸುತ್ತಿದ್ದು, ರಜೆ ಮುಗಿದ ದಿನ ಒಮ್ಮೆಗೇ ಎಂಟು ಗಂಟೆ ಬಿಟ್ಟುಹೋಗುವ ಮನೆಗಳಲ್ಲಿ ಈ ತೊಂದರೆಯನ್ನು ಆಹ್ವಾನಿಸಿದಂತಾಗುತ್ತದೆ. ಮೊದಲ ದಿನದಿಂದಲೇ ಪಕ್ಕದ ಕೋಣೆಗೆ ಹೋಗಿ ಒಂದು ನಿಮಿಷಕ್ಕೆ ಮರಳುವುದು, ಆಮೇಲೆ ಐದು ನಿಮಿಷ, ಆಮೇಲೆ ಬಾಗಿಲು ಮುಚ್ಚಿ ಹೊರಗೆ ಕಾಲು ಗಂಟೆ ಎಂದು, ಮರಿ ಕಂಗಾಲಾಗುವ ಹಂತ ತಲುಪದಂತೆ ಹಿಗ್ಗಿಸುತ್ತ ಹೋಗಬೇಕು. ಹೊರಡುವಾಗ ಮತ್ತು ಬಂದಾಗ ಸಡಗರ ಬೇಡ. ದಿನವಿಡೀ ಹೊರಗಿರುವವರು ಮಧ್ಯಾಹ್ನ ಬಂದು ಹೊರಗೆ ಕರೆದೊಯ್ಯುವ ಒಬ್ಬರನ್ನು ಮರಿ ತರುವ ಮೊದಲೇ ಗೊತ್ತುಮಾಡಿಕೊಂಡಿರಬೇಕು; ಊಟದ ವೇಳೆ, ಹೊರಗಿನ ಜಾಗ, ಬಳಸುವ ಸೂಚನೆಯ ಪದ, ತಿನಿಸು ಕೊಡುವ ಗಳಿಗೆ ಇವೆಲ್ಲವನ್ನೂ ಅವರಿಗೆ ಒಂದು ಹಾಳೆಯಲ್ಲಿ ಬರೆದುಕೊಟ್ಟರೆ, ಬೆಳಿಗ್ಗೆ ಒಂದು ರೀತಿ ಮಧ್ಯಾಹ್ನ ಇನ್ನೊಂದು ರೀತಿ ಕಲಿಯಬೇಕಾದ ಗೊಂದಲ ಮರಿಗೆ ಇರುವುದಿಲ್ಲ.